ಬಸ್ಸಿಗೆ ತೋರಿಸಿದ ಎಕ್ಸ್‌ರೇ

ಇದರ ತಲೆ ಯಾವ ಕಡೆ? ಹೀಗೆ ಹಿಡಿದರೆ ತಲೆ ಮೇಲೆ ಬರುತ್ತದೆಯೋ, ಹಾಗೆ ಹಿಡಿದರೋ? ಅಥವಾ ತಲೆ ಸರಿಯಾಗಿಯೇ ಇದ್ದು, ತಾನೇ ಬೆನ್ನ ಕಡೆಯಿಂದ ನೋಡುತ್ತಿರುವುದೋ?

ದೀನದಯಾಳನ್ ಆ ಪಾರದರ್ಶಕ ಹಾಳೆಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಇನ್ನೊಮ್ಮೆ ತಿರುಗಿಸಿದ. ಹಾಳೆಯ ನಡುವೆ ಒಂದು ವೃತ್ತ, ವೃತ್ತದೊಳಗೆ ಎರಡು ಸಾಲು ಕಪ್ಪು ಅಕ್ಷರ. ದುಂಡಗಿನ ಅಕ್ಷರಗಳು. ಪಾರದರ್ಶಕವಾದ್ದರಿಂದ ಅದನ್ನು ನಾಲ್ಕು ರೀತಿಯಲ್ಲಿ ಹಿಡಿಯಬಹುದಿತ್ತು. ನಾಲ್ಕರಲ್ಲೂ ಅಕ್ಷರಗಳು ಅವನನ್ನು ಒಂದೇ ಪ್ರೀತಿಯಿಂದ ನೋಡುತ್ತಿದ್ದವು.

ತಿರುಪ್ಪೂರಿನ ಆ ಪ್ರಿಂಟಿಂಗ್ ಯೂನಿಟ್ಟಿನಲ್ಲಿ ಬನಿಯನ್, ಟೀ ಶರ್ಟುಗಳ ಮೇಲೆ ಅಕ್ಷರ, ಚಿತ್ರ ಅಚ್ಚು ಹಾಕುತ್ತಾರೆ. ಆರ್ಡರ್ ಕೊಟ್ಟ ಪಾರ್ಟಿ ಕಳಿಸುವ ಇಂಥ ಫಿಲ್ಮು ಹಾಳೆಯನ್ನು ಫ್ರೇಮಿನ ಮೇಲಿಟ್ಟು, ಬೆಳಕು ಬಿಟ್ಟು, ಅಕ್ಷರವನ್ನು ಅದಕ್ಕೆ ಇಳಿಸಬೇಕು. ಆಮೇಲೆ ಆ ಫ್ರೇಮಿನಿಂದಲೇ ಸಾವಿರಾರು ಶರ್ಟಿಗೆ ಬಣ್ಣ ಎಳೆಯಬೇಕು. ಫಿಲ್ಮು ಒಮ್ಮೆ ತಲೆಕೆಳಗಾದರೆ ಅಷ್ಟೂ ಶರ್ಟು ತಲೆಕೆಳಗು. ದೀನದಯಾಳನ್ ಅಲ್ಲಿ ಚೆಕಿಂಗ್ ಮಾಡುವವನು. ಬೆಳಗಿನಿಂದ ಸಂಜೆಯವರೆಗೆ ಟೇಬಲ್ಲಿನ ಮುಂದೆ ನಿಂತೇ ಇರುವ ಕೆಲಸ. ಅವನ ಎರಡು ಮೊಣಕಾಲುಗಳೂ ಇತ್ತೀಚೆಗೆ ಹಳೆಯ ಬಾಗಿಲಿನ ಕೀಲಿನಂತೆ ಸದ್ದು ಮಾಡುತ್ತಿದ್ದವು.

ಬೆಳಿಗ್ಗೆ ಈ ಫಿಲ್ಮಿನ ಕೊರಿಯರ್ ಬಂದ ಹೊತ್ತಿನಲ್ಲೇ ಯೂನಿಟ್ಟಿನ ಒಡೆಯ ತಿರುಮೂರ್ತಿ ಅವನನ್ನು ಕರೆದಿದ್ದರು.

"ದೀನಾ, ಏಜೆಂಟ್ ಒಂದು ಹೊಸ ಪಾರ್ಟಿ ಹಿಡಿದಿದ್ದಾನೆ. ಬೆಂಗಳೂರು ದಾಟಿ ಎಲ್ಲೋ ಊರು. ನೋಡು, ಇದು ನಿಮ್ಮ ಭಾಷೆ ತಾನೇ?"

ದುಂಡಗಿನ ಅಕ್ಷರ. ದೀನದಯಾಳನ್ ಒಮ್ಮೆ ನೋಡಿದ. "ನಮ್ಮದೇ, ಮೊದಲಾಳಿ."

"ಏನು ಬರೆದಿದೆ?"

"ಒಳ್ಳೆ ವಿಷಯ, ಮೊದಲಾಳಿ."

"ಸರಿ. ಸಂಜೆ ಪಾರ್ಟಿ ಖುದ್ದಾಗಿ ಬರ್ತಾರೆ. ಮೊದಲ ಪೀಸ್ ಅವರ ಕೈಯಲ್ಲಿ ಇಡಬೇಕು. ಅವರು ಒಪ್ಪಿದರೆ ಆ ಕಡೆ ಆರ್ಡರೆಲ್ಲ ನಿನ್ನ ಜವಾಬ್ದಾರಿ. ಇನ್ನು ಮೇಲೆ ನಿಂತು ಕೆಲಸ ಮಾಡಬೇಕಾಗಿಲ್ಲ." ಮೂಲೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದ, ಚಕ್ರವಿರುವ, ನೀಲಿ ಬಣ್ಣದ ಕುರ್ಚಿ ಒಂದು ಮದುಮಗನಂತೆ ಕೂತಿತ್ತು.

ಆ ಕುರ್ಚಿಯನ್ನು ಕಂಡದ್ದೇ ತಪ್ಪಾಯಿತು. "ಓದಕ್ಕೆ ಬರಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದು, ಕುರ್ಚಿಯನ್ನು ನೋಡಿ, ಹಿಂದಕ್ಕೆ ಹೋಯಿತು.

ದೀನದಯಾಳನ ಹಿರಿಯರು ಎಂದೋ ಕನ್ನಡ ನಾಡಿನಿಂದ ಬಂದು ಸಿರುಮುಗೈಯಲ್ಲಿ ಮಗ್ಗ ಹೂಡಿದವರು. ಮನೆಯಲ್ಲಿ ಇಂದಿಗೂ ಕನ್ನಡವೇ ಮಾತು. ಆದರೆ ಶಾಲೆ ತಮಿಳು, ಬೀದಿ ತಮಿಳು, ಕೆಲಸ ತಮಿಳು. ಕನ್ನಡ ಅಕ್ಷರವನ್ನು ಯಾರೂ ಅವನಿಗೆ ಕಲಿಸಲಿಲ್ಲ, ಅವನೂ ಕೇಳಲಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ನಾಚಿಕೆಯನ್ನು ಅವನೇ ತಂದುಕೊಂಡದ್ದು. ಹಿಂದೊಮ್ಮೆ ಪ್ರಿಂಟಿಂಗ್ ಮಾಸ್ಟರ್ ಭೂಪತಿ, "ನಿಂದು ಎಂಥ ಭಾಷೆ ಪಾ, ಅರ್ಧ ನಮ್ಮ ತಮಿಳೇ ಅಲ್ವಾ?" ಎಂದು ನಕ್ಕಿದ್ದ. ಆಗ ಸಿಟ್ಟಿನಲ್ಲಿ, "ಮಾತು ಬಿಡು, ನಮ್ಮ ಅಕ್ಷರ ನೋಡಿದ್ಯಾ? ಮುತ್ತು ಪೋಣಿಸಿದ ಹಾಗಿರುತ್ತೆ" ಎಂದುಬಿಟ್ಟಿದ್ದ. ಅಂದಿನಿಂದ ಆ ಯೂನಿಟ್ಟಿನಲ್ಲಿ ಯಾರೂ ಅವನ ಭಾಷೆಯನ್ನು ಕಂಡು ನಗುತ್ತಿರಲಿಲ್ಲ. ಇಂದು ಆ ಮುತ್ತುಗಳು ಕೊರಿಯರಿನಲ್ಲಿ ಬಂದಿದ್ದವು.

"ಏನಣ್ಣಾ, ಇನ್ನೂ ಓದ್ತಾ ಇದ್ದೀಯಾ? ಎರಡೇ ಸಾಲಲ್ವಾ?" ಭೂಪತಿ ಕೈಯ ಬಣ್ಣ ಒರೆಸಿಕೊಳ್ಳುತ್ತ ಬಂದ. "ಫ್ರೇಮ್ ರೆಡಿ. ಯಾವ ಕಡೆ ಮೇಲೆ ಅಂತ ಹೇಳು ಸಾಕು. ನನಗೆ ಇದು ಜಾಂಗ್ರಿ ಮಿಠಾಯಿ ಅಂಗಡಿ ಹಾಗೆ ಕಾಣ್ತಿದೆ."

"ಜೋರಾಗಿ ಓದಣ್ಣಾ, ನಾವೂ ಕೇಳ್ತೀವಿ," ಎಂದಳು ಪಕ್ಕದ ಟೇಬಲ್ಲಿನ ತಂಗಮಣಿ. ಅವಳು ನೂಲು ಕತ್ತರಿಸುವ ಕತ್ತರಿಯನ್ನು ಕೆಳಗಿಟ್ಟಳು ಎಂದರೆ ಇನ್ನೊಬ್ಬರ ವಿಷಯವನ್ನು ಕೈಗೆತ್ತಿಕೊಂಡಳು ಎಂದು ಅರ್ಥ.

ದೀನದಯಾಳನ್ ಗೋಡೆಯ ಕ್ಯಾಲೆಂಡರ್ ನೋಡಿದ. ಶುಕ್ರವಾರ. ಬದುಕಿದೆ ಅನ್ನಿಸಿತು.

"ರಾಹುಕಾಲ ಶುರುವಾಯ್ತು. ಹೊಸ ಪಾರ್ಟಿ, ಮೊದಲ ಫ್ರೇಮ್. ಈಗ ಬೇಡ. ಮಧ್ಯಾಹ್ನ ಆಗಲಿ."

ಭೂಪತಿ ಯಾರ ಮಾತನ್ನೂ ಕೇಳದವನು, ರಾಹುವಿನ ಮಾತು ಕೇಳುವವನು. "ಅದೂ ಸರಿ," ಎಂದು ಹಿಂದೆ ಸರಿದ. "ಆದ್ರೆ ಊಟ ಆದ ಸ್ವಲ್ಪ ಹೊತ್ತಿಗೆ ಯಮಗಂಡ ಇದೆ. ಅದರೊಳಗೆ ಹೇಳಿಬಿಡಣ್ಣಾ."

"ಅಲ್ಲಿತನಕ ಫಿಲ್ಮು ನನ್ನ ಹತ್ರಾನೇ ಇರಲಿ," ಎಂದು ದೀನದಯಾಳನ್ ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋದ. ಬಟನ್ ಫೋನು ತೆಗೆದು ಹೆಂಡತಿ ಶಿವಗಾಮಿಗೆ ಹಚ್ಚಿದ.

"ಬರಾದಿಲ್ಲ ಅಂತ ಹೇಳ್ಬುಡಿ ಮಾಮಾ," ಎಂದಳು ಅವಳು ಎಲ್ಲ ಕೇಳಿಸಿಕೊಂಡು. "ನಮ್ಮೋರಲ್ಲಿ ಯಾರ್ಗೆ ಬರ್ತದೆ? ಇದ್ರಲ್ಲಿ ವೆಟ್ಕ ಏನು, ನಾಚ್ಕೆ ಏನು?"

"ಮುತ್ತು ಪೋಣ್ಸಿದಂಗೆ ಅಂತ ಹೇಳ್ಬುಟ್ಟಿದ್ದೀನಲ್ಲಾ."

"ಮುತ್ತು ಅಂತ ನಿಮ್ಗೆ ಯಾರು ಹೇಳಿದ್ದು?"

"ತಾತ."

"ಅವ್ರು ಓದ್ತಾ ಇದ್ರಾ?"

"ಇಲ್ಲ. ಒಂದು ದಪ ನೋಡಿದ್ರಂತೆ."

"ಒಲೆ ಮೇಲೆ ಕೊಳಂಬು ಇಕ್ಕಿದ್ದೀನಿ," ಎಂದು ಶಿವಗಾಮಿ ಫೋನಿಟ್ಟಳು. ಅದು ಅವಳ ಅಭಿಪ್ರಾಯ.

ಅವನು ಒಳಗೆ ಬಂದಾಗ ತಂಗಮಣಿ ಭೂಪತಿಗೆ ಹೇಳುತ್ತಿದ್ದಳು: "ನೋಡು, ಬೆಂಗಳೂರು ಕಡೆಯ ದೊಡ್ಡೋರಿಗೆ ಫೋನ್ ಹಾಕಿ ಕನ್ನಡದಲ್ಲೇ ಮಾತಾಡಿ ಬಂದ. ಎಷ್ಟು ಸಲೀಸು!"

ಊಟದ ಬೆಲ್ ಆಯಿತು. ಊಟದ ಡಬ್ಬಿಯನ್ನು ನೋಡುವಾಗ ದೀನದಯಾಳನಿಗೆ ಹೊಳೆಯಿತು. ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಕರ್ನಾಟಕದ ಬಸ್ಸೊಂದು ನಿಂತಿರುತ್ತದೆ. ಅದರ ನೆತ್ತಿಯ ಮೇಲೆ ಕನ್ನಡ ಬೋರ್ಡು. ಯಾರೂ ಬೋರ್ಡನ್ನು ತಲೆಕೆಳಗಾಗಿ ಹಾಕಿ ಬಸ್ಸು ಓಡಿಸುವುದಿಲ್ಲ. ಆ ಅಕ್ಷರಗಳ ಪಕ್ಕ ಈ ಅಕ್ಷರಗಳನ್ನು ಹಿಡಿದರೆ ಸಾಕು. ಓದಬೇಕಾಗಿಲ್ಲ, ಹೋಲಿಸಿದರೆ ಆಯಿತು. ಚೆಕಿಂಗ್ ಎಂದರೆ ಮತ್ತೇನು? ಅವನು ಫಿಲ್ಮನ್ನು ಅಂಗಿಯೊಳಗೆ ತೂರಿಸಿ ಮೊಪೆಡ್ ಹತ್ತಿದ.

ಬಸ್ಸು ನಿಂತಿತ್ತು. ಕಂಡಕ್ಟರ್ "ಮೈಸೂರು, ಮೈಸೂರು" ಎಂದು ಕೂಗುತ್ತಿದ್ದುದರಿಂದ ಬೋರ್ಡಿನಲ್ಲಿ ಇರುವುದೂ ಅದೇ ಎಂದು ಗೊತ್ತಾಯಿತು. ದೀನದಯಾಳನ್ ಬಸ್ಸಿನ ಮೂತಿಯ ಎದುರು ನಿಂತು, ಅಂಗಿಯೊಳಗಿಂದ ಫಿಲ್ಮು ತೆಗೆದು, ಎರಡೂ ಕೈಯಲ್ಲಿ ಎತ್ತಿ ಹಿಡಿದ. ಬಿಸಿಲು ಅದರೊಳಗಿಂದ ಹಾದು ಅವನ ಮುಖದ ಮೇಲೆ ವೃತ್ತದ ನೆರಳು ಬೀಳಿಸಿತು. ಮೊದಲ ರೀತಿ. ಇಲ್ಲ. ಎರಡನೆಯ ರೀತಿ. ಇಲ್ಲ.

ಬೋರ್ಡಿನ ಅಕ್ಷರಗಳ ತಲೆಯ ಮೇಲೆಲ್ಲ ಸಣ್ಣದೊಂದು ಜುಟ್ಟು ಇರುವುದನ್ನು ಅವನು ಕಂಡ. ಫಿಲ್ಮಿನಲ್ಲೂ ಜುಟ್ಟು ಇತ್ತು. ಬಸ್ಸಿನದು ಮಲಗಿದ ಜುಟ್ಟು, ಫಿಲ್ಮಿನದು ನಿಂತ ಜುಟ್ಟು. ಅದು ಪ್ರಿಂಟಿನವರ ಸ್ಟೈಲ್ ಇರಬೇಕು, ತಮಿಳಿನಲ್ಲೂ ಹಾಗೆ ಬೇರೆ ಬೇರೆ ಸ್ಟೈಲ್ ಇಲ್ಲವೇ ಎಂದುಕೊಂಡ. ಅಂತೂ ಜುಟ್ಟು ಇರುವ ಕಡೆ ತಲೆ. ಅರ್ಧ ಕೆಲಸ ಆಯಿತು. ಉಳಿದದ್ದು ಮುಖವೋ ಬೆನ್ನೋ ಎಂಬುದು. ಬೋರ್ಡಿನ ಕೊನೆಯ ಅಕ್ಷರಕ್ಕೆ ಬಲಗಡೆ ಸುತ್ತಿಕೊಂಡ ಬಾಲ. ಫಿಲ್ಮಿನಲ್ಲೂ ಅಂಥದೇ ಬಾಲದ್ದೊಂದು ಸಿಕ್ಕಿತು. ಹಾಳೆಯನ್ನು ಮಗುಚಿದ. ಬಾಲ ಬಲಕ್ಕೆ ಬಂತು.

"ಏನಪ್ಪಾ ಅದು?" ಕಂಡಕ್ಟರ್ ಫುಟ್‌ಬೋರ್ಡಿನಿಂದ ಬಗ್ಗಿ ನೋಡಿದ. "ಎಕ್ಸ್‌ರೇನಾ? ಡಾಕ್ಟ್ರಿಗೆ ತೋರಿಸೋದು ಬಿಟ್ಟು ಬಸ್ಸಿಗೆ ಯಾಕೆ ತೋರಿಸ್ತಾ ಇದ್ದೀಯಾ? ಬಸ್ಸಿಗೇನು ಗೊತ್ತಾಗುತ್ತೆ?"

ಕಿಟಕಿಗಳಿಂದ ತಲೆಗಳು ಹೊರಬಂದವು. ಕೇಳುವುದಿದ್ದರೆ ಅಲ್ಲೇ ಕೇಳಬಹುದಿತ್ತು. ಕನ್ನಡ ಬಲ್ಲ ಮನುಷ್ಯ, ಕೈಯಳತೆಯ ದೂರ. ದೀನದಯಾಳನ್ ಬಾಯಿ ತೆರೆದ. ಅಷ್ಟರಲ್ಲಿ ಹೂ ಮಾರುವ ಮುದುಕಿ ಪಳನಿಯಮ್ಮ ಬುಟ್ಟಿ ಸಮೇತ ಎದ್ದು ಬಂದಳು. ಅವಳು ತಂಗಮಣಿಯ ಅತ್ತೆ.

"ಅಯ್ಯೋ ರಾಸಾ, ನೀನಾ? ಎಕ್ಸ್‌ರೇ ತೆಗೆಸಿಕೊಂಡ್ಯಾ? ನೆಂಜಿಗಾ?" ಎಂದು ತನ್ನ ಎದೆ ಮುಟ್ಟಿಕೊಂಡು ಕೇಳಿದಳು.

ತೆರೆದ ಬಾಯಿ ಮುಚ್ಚಿಕೊಂಡಿತು. ಎಕ್ಸ್‌ರೇ ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕು. ಕರ್ನಾಟಕದ ಬಸ್ಸಿಗೆ ಯಾಕೆ ತೋರಿಸುತ್ತಿದ್ದೇನೆ ಎಂದೂ ಹೇಳಬೇಕು. ಅವನು ಫಿಲ್ಮನ್ನು ಎದೆಗೆ ಒತ್ತಿ ಹಿಡಿದು ನೆಲ ನೋಡಿದ. ಪಳನಿಯಮ್ಮ ಅದನ್ನೇ ಉತ್ತರವೆಂದು ತಿಳಿದು ಕಣ್ಣೊರೆಸಿಕೊಂಡಳು. ಬಸ್ಸು ಹಾರ್ನ್ ಹಾಕಿ ಹೊರಟಿತು.

ದೀನದಯಾಳನ್ ಫಿಲ್ಮಿನ ಮೇಲ್ಗಡೆ ಪೆನ್ನಿನಿಂದ ಒಂದು ಗುರುತು ಹಾಕಿದ. ಅವನು ಯೂನಿಟ್ಟು ತಲುಪುವುದಕ್ಕೆ ಮೊದಲೇ ಸುದ್ದಿ ಫೋನಿನಲ್ಲಿ ಅಲ್ಲಿಗೆ ತಲುಪಿತ್ತು. ಎಲ್ಲರೂ ಸಾವಿನ ಮನೆಯಲ್ಲಿ ನಿಲ್ಲುವ ಹಾಗೆ ಕೈ ಕಟ್ಟಿ ನಿಂತಿದ್ದರು.

"ಗುರುತು ಇರೋ ಕಡೆ ಮೇಲೆ. ಈ ಮುಖ ನಮ್ಮ ಕಡೆ," ಎಂದು ಅವನು ಫಿಲ್ಮು ಕೊಟ್ಟ. ಭೂಪತಿ ಅದನ್ನು ಎಂದೂ ಇಲ್ಲದ ವಿನಯದಿಂದ ಎರಡು ಕೈಯಲ್ಲಿ ತೆಗೆದುಕೊಂಡ. "ನೆಂಜು ಹಿಡಿದುಕೊಂಡೂ ಕೆಲಸ ಮುಗಿಸಿಕೊಟ್ಟೆಯಲ್ಲಣ್ಣಾ. ನೀನು ಮನುಷ್ಯ."

"ನಿಲ್ಲಬೇಡಣ್ಣಾ, ಕೂತ್ಕೋ," ತಂಗಮಣಿ ನೀಲಿ ಕುರ್ಚಿಯನ್ನು ಎಳೆದು ತಂದಳು. ದೀನದಯಾಳನ್ ಕೂತ. ಪ್ಲಾಸ್ಟಿಕ್ ಹೊದಿಕೆ ಚರಚರ ಅಂದಿತು. ಮೊಣಕಾಲುಗಳು ಸದ್ದು ನಿಲ್ಲಿಸಿದವು. ಇಷ್ಟು ಸುಖ ಇರುತ್ತದೆ ಎಂದು ಗೊತ್ತಿದ್ದರೆ ಎಕ್ಸ್‌ರೇ ಎಂದೋ ತೆಗೆಸಿಕೊಳ್ಳುತ್ತಿದ್ದೆ ಅನ್ನಿಸಿತು. ಅದು ಎಕ್ಸ್‌ರೇ ಅಲ್ಲ ಎಂದು ನಿಧಾನವಾಗಿ ಹೇಳಿದರಾಯಿತು.

ಸಂಜೆ ಪಾರ್ಟಿ ಬಂದರು. ಹೆಸರು ನರಸಿಂಹುಲು; ದಪ್ಪ ಮೀಸೆಯ, ನಿಧಾನದ ಮನುಷ್ಯ. ಟೇಬಲ್ಲಿನ ಮೇಲೆ ಮೊದಲ ಶರ್ಟು ಮಲಗಿತ್ತು. ಬಿಳಿಯ ಮೇಲೆ ಹಸಿರು ಅಕ್ಷರ. ಅವರು ಅದನ್ನು ಎತ್ತಿ ದೂರ ಹಿಡಿದರು, ಹತ್ತಿರ ಹಿಡಿದರು, ಉಗುರಿನಿಂದ ಬಣ್ಣ ಗೀರಿದರು. ದೀನದಯಾಳನ್ ಕುರ್ಚಿಯಿಂದ ಎದ್ದು ನಿಂತಿದ್ದ. ಒಂದು ಕೈ ಮಾತ್ರ ಕುರ್ಚಿಯ ಬೆನ್ನಿನ ಮೇಲಿತ್ತು.

"ಬಾಗುಂದಿ," ಎಂದರು ನರಸಿಂಹುಲು. "ತುಂಬಾ ನೀಟಾಗಿದೆ. ನಮ್ಮೂರಲ್ಲೇ ಇಷ್ಟು ಸರಿಯಾಗಿ ಹಾಕಲ್ಲ."

ತಿರುಮೂರ್ತಿ ಹಿಗ್ಗಿ, "ಎಲ್ಲಾ ಇವನದೇ ಸಾರ್. ನಿಮ್ಮ ಕನ್ನಡದವನೇ. ಕನ್ನಡದಲ್ಲೇ ಮಾತಾಡಿ," ಎಂದರು.

ನರಸಿಂಹುಲು ದೀನದಯಾಳನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು. "ಕನ್ನಡ ನನಗೂ ಬರುತ್ತೆ, ನಮ್ಮದು ಹಿಂದೂಪುರ, ಗಡಿ. ಆದ್ರೆ ನಾನು ಆಂಧ್ರದೋನು ಕಣಯ್ಯ. ಇದು ತೆಲುಗು. ಇದನ್ನ ನೀನು ಕನ್ನಡ ಅಂದುಕೊಂಡ್ಯಾ?"

ದೀನದಯಾಳನ್ ಶರ್ಟನ್ನು ನೋಡಿದ. ಜುಟ್ಟುಗಳೆಲ್ಲ ನಿಂತುಕೊಂಡು ಅವನನ್ನೇ ನೋಡುತ್ತಿದ್ದವು.

ಸುತ್ತಲಿನ ಯಾರಿಗೂ ಕನ್ನಡ ತಿಳಿಯದು. ಹೇಳಬೇಕಾದದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಇಬ್ಬರ ನಡುವೆ ಮುಗಿಯುವ ಮಾತು. ಅವನು ಏನೂ ಹೇಳಲಿಲ್ಲ. ಫ್ಯಾನು ತಿರುಗುತ್ತಿತ್ತು. ನರಸಿಂಹುಲು ಆ ಮೌನವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖದಲ್ಲಿ ಗೌರವ ಮೂಡಿತು.

"ಸಾರ್," ಎಂದರು ತಿರುಮೂರ್ತಿಯ ಕಡೆ ತಿರುಗಿ, ತಮಗೆ ಬರುವ ತಮಿಳಿನಲ್ಲಿ. "ಇದು ಕನ್ನಡ ಅಲ್ಲ, ತೆಲುಗು. ನಿಮ್ಮ ಮನುಷ್ಯನಿಗೆ ಅದೂ ಬರುತ್ತೆ. ಕೇಳಿದ್ರೆ ಒಂದು ಮಾತು ಹೇಳಲ್ಲ. ಎಷ್ಟು ವಿನಯ! ತಲೆ, ಬಾಲ ಒಂದೂ ತಪ್ಪಿಲ್ಲ."

"ತೆಲುಗಾ!" ತಿರುಮೂರ್ತಿ ಬೆರಗಾದರು. "ಬೆಳಿಗ್ಗೆ ನಮ್ಮದೇ ಅಂದ್ಯಲ್ಲೋ ದೀನಾ?"

"ನಮ್ಮದೇ ಅಂದ್ರೆ ನಮ್ಮ ಯೂನಿಟ್ಟಿನ ಆರ್ಡರ್ ಅಂತ ಮೊದಲಾಳಿ," ಎಂದು ತಂಗಮಣಿಯೇ ಉತ್ತರ ಕೊಟ್ಟಳು. ರೋಗಿಯನ್ನು ಯಾರೂ ಗದರಿಸಬಾರದು ಎಂಬುದು ಅವಳ ನಿಲುವು.

"ಏನು ಬರೆದಿದೆ ಸಾರ್ ಇದರಲ್ಲಿ? ಒಳ್ಳೆ ವಿಷಯ ಅಂದಿದ್ದ."

"ನಮ್ಮ ಹಸುವಿನ ತೌಡಿನ ಕಂಪನಿ. ತೌಡು ತಿಂದ್ರೆ ಹಾಲು ಜಾಸ್ತಿ ಅಂತ ಬರೆದಿದೆ."

"ಹಾಲು ಒಳ್ಳೆ ವಿಷಯ ತಾನೇ?" ಎಂದ ಭೂಪತಿ, ಸವಾಲು ಹಾಕುವವನಂತೆ.

ತಿರುಮೂರ್ತಿ ಕೋಣೆಯಲ್ಲಿ ಅತ್ತಿಂದಿತ್ತ ನಡೆದರು. ದೊಡ್ಡ ಯೋಚನೆ ಬಂದಾಗ ಅವರು ಹಾಗೆ ನಡೆಯುತ್ತಿದ್ದರು. "ಓದೋ ಆಳು ಇಲ್ಲೇ ಇದ್ರೂ ಕರ್ನಾಟಕ, ಆಂಧ್ರದ ಆರ್ಡರ್ ಎಲ್ಲಾ ಇಷ್ಟು ದಿನ ಬಿಟ್ಟೆನಲ್ಲಾ. ನಾಳೆಯಿಂದ ಕೆಳಗೆ ತೆಲುಗು, ಮೇಲಿನ ಮಹಡಿಯಲ್ಲಿ ಕನ್ನಡ. ಎರಡೂ ದೀನನೇ ನೋಡ್ಕೋತಾನೆ."

ದೀನದಯಾಳನ್ ಮಹಡಿಯ ಮೆಟ್ಟಿಲುಗಳನ್ನು ನೋಡಿದ. ಮೊಣಕಾಲುಗಳೂ ನೋಡಿದವು. "ಮೊದಲಾಳಿ, ಕುರ್ಚಿ ಕೆಳಗೇ ಇರಲಾ, ಮೇಲಾ?" ಎಂದು ಮೆಲ್ಲಗೆ ಕೇಳಿದ.

"ಕುರ್ಚಿಯಾ?" ತಿರುಮೂರ್ತಿ ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. "ತಂಗಮಣಿ ಎಕ್ಸ್‌ರೇ ವಿಷಯ ಹೇಳಿದಳು ಪಾ. ನಮ್ಮಪ್ಪನಿಗೂ ನೆಂಜೇ. ಕೂತು ಕೂತೇ ಕೆಟ್ಟರು. ನಡೀಬೇಕು, ಹತ್ತಿ ಇಳೀಬೇಕು ಅಂತ ಡಾಕ್ಟ್ರು ಅಷ್ಟು ಹೇಳಿದ್ರು. ನಿನ್ನನ್ನ ನಾನು ಕೂರೋಕೆ ಬಿಡಲ್ಲ. ತಂಗಮಣಿ, ಆ ಕುರ್ಚಿ ತೆಗೆದು ನನ್ನ ರೂಮಿಗೆ ಹಾಕು."

ನೀಲಿ ಕುರ್ಚಿ ತನ್ನ ಪುಟ್ಟ ಚಕ್ರಗಳ ಮೇಲೆ, ಸ್ವಲ್ಪವೂ ಸದ್ದಿಲ್ಲದೆ, ಒಳಗೆ ಹೋಯಿತು.

ಅದು ಎಕ್ಸ್‌ರೇ ಅಲ್ಲ ಎಂದು ದೀನದಯಾಳನ್ ಹೇಳಲಿಲ್ಲ. ತನಗೆ ಕನ್ನಡ ಓದಲು ಬರುವುದಿಲ್ಲ ಎಂದೂ ಹೇಳಲಿಲ್ಲ.