ಅಂಗಳದ ಅಡಿಯ ಬಿಡಾರ

ಬೊಂಬಾಯಿಯ ಕಚೇರಿಯೊಂದರಲ್ಲಿ ಎರಡು ವರ್ಷ ಕಟ್ಟಡದ ನಕಾಶೆಗಳಿಗೆ ಗೆರೆ ಎಳೆದು ಬಂದವನಿಗೆ ಕುಮಟಾದ ಒಂದು ಗುಡ್ಡ ಯಾವ ಲೆಕ್ಕ? ಮಾವನವರು ಕೊಟ್ಟ ಜಾಗ ಕಡಿದಾಗಿತ್ತು, ನಿಜ. ಅಲ್ಲಿ ಕೈಬಿಟ್ಟ ಚೊಂಬು ಪೇಟೆಯಲ್ಲಿ ಸಿಗುತ್ತಿತ್ತು. ಆದರೂ ಮೆಟ್ಟಿಲಿನಂತೆ ಒಂದರ ಮೇಲೊಂದು ಮೂರು ಬಿಡಾರಗಳನ್ನು ಕಟ್ಟುವುದೆಂದು ನಾನು ಘನವಾಗಿ ತೀರ್ಮಾನಿಸಿದೆ. ಕೆಳಗಿನ ಎರಡು ಬಾಡಿಗೆಗೆ, ಮೇಲಿನದು ನಮಗೆ.

ಹೆಂಡತಿ ಶಾರದೆಯ ಷರತ್ತು ಒಂದೇ. ಪೇಟೆಯ ಬಾಡಿಗೆ ಕೋಣೆಯಲ್ಲಿ ಅವಳ ತುಳಸಿ ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ಬೆಳೆದಿತ್ತು.

"ಇಲ್ಲೂ ಅಂಗಳ ಇಲ್ಲದಿದ್ರೆ ನಾನು ಮಂಕಿಗೆ, ಅಪ್ಪನ ಮನೆಗೆ ಹೋಗ್ತೆ. ಕರೂಕೆ ಬರೂದು ಬೇಡ," ಎಂದಳು.

"ಅಂಗಳಕ್ಕೆ ಎಂತ ಬರ? ಕೆಳಗಿನವರ ತಾರಸಿಯೇ ನಮ್ಮ ಅಂಗಳ," ಎಂದೆ. ಕಾಗದದ ಮೇಲೆ ಅದು ಬಹಳ ಚೆನ್ನಾಗಿ ಕಂಡಿತು.

ಒಕ್ಕಲಾದೆವು. ಶಾರದೆ ಮಣ್ಣು ಹೊರಿಸಿ ತುಳಸಿಕಟ್ಟೆ ಕಟ್ಟಿಸಿದಳು. ವಾರ ಕಳೆಯುವುದರೊಳಗೆ ಕೆಳಗಿನ ಬಿಡಾರದ ಗಿರಿಜಕ್ಕ ಸೌಟು ಹಿಡಿದೇ ಮೇಲೆ ಬಂದಳು.

"ತಂಗಿ, ನೀನು ತುಳಸಿಗೆ ನೀರು ಹಾಕಿದ್ರೆ ನಮ್ಮ ಸಾರು ತೆಳ್ಳಗಾಗ್ತದೆ."

ಕಟ್ಟೆ ಸರಿಯಾಗಿ ಅವಳ ಒಲೆಯ ಮೇಲೆಯೇ ಕೂತಿತ್ತು. ಶಾರದೆ ಟ್ರಂಕು ಎಳೆದಳು. ಆ ಮಧ್ಯಾಹ್ನವೇ ತುಳಸಿಯನ್ನು ನಮ್ಮ ಸ್ವಂತ ತಾರಸಿಗೆ ಸಾಗಿಸಿದೆ. ತಾರಸಿಯ ಹಿಂಬದಿ ಗುಡ್ಡದ ಕಾಲುದಾರಿಗೆ ಸಮವಾಗಿತ್ತು, ಏಣಿಯೂ ಬೇಡ. ಸೋರಿದರೆ ನನ್ನ ಸಾರಿಗೇ ತಾನೆ?

ಒಂದು ವಿಷಯ ಮಾತ್ರ ನನಗೆ ಹೊಳೆದಿರಲಿಲ್ಲ. ಇಡೀ ಗುಡ್ಡದಲ್ಲಿ ಸಪಾಟು ಜಾಗ ಎಂದರೆ ಅದೊಂದೇ. ತುಳಸಿ ಕಂಡವರೆಲ್ಲ ಅಂಗಳವೆಂದೇ ತಿಳಿದರು. ಮೊದಲು ಹಪ್ಪಳ ಬಂತು, ಆಮೇಲೆ ಕೊಬ್ಬರಿ. ಸುಗ್ಗಿಗೆ ಭತ್ತದ ಹೊರೆಗಳೇ ಬಂದವು. ಬಡಿದ ಬಡಿತಕ್ಕೆ ನನ್ನ ಬಾಳೆಲೆಯ ಅನ್ನ ಕುಣಿಯಿತು. ಮೇಲಿನಿಂದ ಸುಣ್ಣ ಉದುರತೊಡಗಿದಾಗ ನಾನು ಮನೆಯೊಳಗೆ ಕೊಡೆ ಬಿಚ್ಚಿಕೊಂಡು ಉಂಡೆ. ಶಾರದೆ ಬೆಳಗಿನಿಂದ ಮೇಲೆಯೇ ಇದ್ದಳು, ಹೆಂಗಸರ ಜೊತೆ ಹಾಡಿಕೊಂಡು.

ಮಾವನವರು ಮಂಕಿಯಿಂದ ಬರಲು ಆರಿಸಿಕೊಂಡದ್ದು ಅದೇ ದಿನವನ್ನು. ಬಂದದ್ದು ಮೇಲಿನ ದಾರಿಯಿಂದ. ನಿಟ್ಟುಸಿರು ಬಿಟ್ಟು ಕೂತದ್ದು ನನಗೆ ಕೇಳಿಸಿತು.

"ಮಗಾ, ಅಂಗಳ ಚಲೋ ಆತು," ಎಂದರು ಮಗಳಿಗೆ. "ಮನೆ ಯಾವಾಗ ಕಟ್ಟೂದಂತೆ?"

"ಕಟ್ಟಿ ಆತು ಮಾವ," ಎಂದೆ ನಾನು, ಅವರ ಕಾಲಡಿಯಿಂದ. "ನೀವು ಕೂತದ್ದು ಅದರ ಮೇಲೆಯೇ."

ಬಡಿತ ನಿಂತಿತು. ಮಾವನವರು ಎದ್ದು ಪಕ್ಕಕ್ಕೆ ಸರಿದರು. ಪಕ್ಕದಲ್ಲೂ ಮನೆಯೇ ಇತ್ತು.

"ಇದರಡಿಗೆ ಇರೂಕೆ ಆಗ್ತದಾ? ಮಂಕಿಗೆ ಬಂದ್ಬಿಡು ಮಗಾ," ಎಂದರು ಶಾರದೆಗೆ. ನಾನು ಊಟ ಬಿಟ್ಟು ಕಿವಿಗೊಟ್ಟೆ.

"ಇಂಥ ಅಂಗಳ ಬಿಟ್ಟು ಎಲ್ಲಿಗೆ ಬರೂದು ಅಪ್ಪಾ? ಕೆಳಗೆ ಅವರು ಇರ್ತಾರಲ್ಲ, ಸಾಕು," ಎಂದಳು ಶಾರದೆ.

ಅಂದಿನಿಂದ ಊರಿಗೆಲ್ಲ ಅದು ಶಾರದಕ್ಕನ ಅಂಗಳ. ನನ್ನನ್ನು ಹುಡುಕಿಕೊಂಡು ಬಂದವರಿಗೆ ಜನ ನೆಲ ತೋರಿಸುತ್ತಾರೆ.