ಸ್ವಂತ ಕೈಯ ರೊಟ್ಟಿ

ಗವಿಸಿದ್ದೇಶನ ಸಂಸಾರ ಹದಗೆಟ್ಟದ್ದು ಒಂದೇ ಒಂದು ಮಾತಿನಿಂದ. ಅದೂ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಆಡಿದ ಮಾತಿನಿಂದ.

ಕೊಟ್ಟೂರಿನಲ್ಲಿ ಅವನದು ಹಿಟ್ಟಿನ ಗಿರಣಿ. ಊರ ಹೊರಗೆ ಒಂದು ತುಂಡು ಹೊಲ, ಅದರಲ್ಲಿ ಬಿಳಿಜೋಳ. ಒಂದು ದಿನ ಮನೆಗೆ ನೆಂಟರು ಬಂದಿದ್ದರು. ಹೆಂಡತಿ ಪುಷ್ಪಲತಾ ಒಲೆಯ ಮುಂದೆ ಬೆವರುತ್ತಾ ಒಂದರ ಹಿಂದೊಂದು ರೊಟ್ಟಿ ಹಾಕುತ್ತಿದ್ದಳು. ನೆಂಟರು ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆಯಲ್ಲಿ ಗಿರಣಿಯವನಿಗೂ ಒಂದು ಪಾಲು ಬೇಕೆನಿಸಿತೋ ಏನೋ, "ಹಿಟ್ಟು ಚಲೋ ಇದ್ರ ಯಾರು ಬಡದ್ರೂ ರೊಟ್ಟಿ ಚಲೋನ ಆಗ್ತೈತಿ ಬಿಡ್ರಿ. ಅದರಾಗೇನು ವಿದ್ಯೆ ಐತಿ" ಎಂದುಬಿಟ್ಟ.

ನೆಂಟರು ಹೋಗುವವರೆಗೂ ಪುಷ್ಪಲತಾ ನಗುತ್ತಲೇ ಇದ್ದಳು. ಮರುದಿನ ಬೆಳಿಗ್ಗೆ ಹಿಟ್ಟಿನ ಡಬ್ಬಿಯನ್ನು ತಂದು ಗಂಡನ ಮುಂದಿಟ್ಟಳು. "ಹಿಟ್ಟು ಚಲೋ ಐತಿ. ಬಡಕೊಂಡು ಉಣ್ರಿ" ಎಂದು ತವರೂರು ಹಿರೇಹಡಗಲಿಯ ಬಸ್ಸು ಹತ್ತಿದಳು.

ಎರಡು ದಿನಕ್ಕೆ ಬಂದಾಳು ಎಂದುಕೊಂಡ. ಬರಲಿಲ್ಲ. ಅಮಾವಾಸ್ಯೆಗೆ ಬಂದಾಳು ಎಂದುಕೊಂಡ. ಅಮಾವಾಸ್ಯೆಯೂ ಹೋಯಿತು, ಹುಣ್ಣಿಮೆಯೂ ಹೋಯಿತು. ಇಡೀ ದಿನ ಗಿರಣಿಯ ಸದ್ದಿನಲ್ಲಿ ಕಿವುಡಾಗಿ ಕೂತಿರುವ ಅವನಿಗೆ ಈಗ ಬೇಕಾಗಿದ್ದುದು ಒಂದೇ ಸದ್ದು. ಬೆಳಗಿನ ಜಾವ ಅರೆನಿದ್ದೆಯಲ್ಲಿ ಕೇಳುತ್ತಿದ್ದ, ಅವಳು ರೊಟ್ಟಿ ಬಡಿಯುವ ಪಟಪಟ ಸದ್ದು. ಆ ಸದ್ದೇನೋ ಈಗಲೂ ಬರುತ್ತಿತ್ತು. ಆದರೆ ಗೋಡೆಯಾಚೆಯ ಕೊಟ್ರಬಸಮ್ಮನ ಮನೆಯಿಂದ. ಕಣ್ಣು ಮುಚ್ಚಿಕೊಂಡು ಅದನ್ನೇ ತನ್ನ ಮನೆಯದೆಂದು ನಂಬಲು ನೋಡುತ್ತಿದ್ದ. ಕಣ್ಣು ಬಿಟ್ಟರೆ ತಣ್ಣನೆ ಒಲೆ.

ಒಮ್ಮೆ ಹಿರೇಹಡಗಲಿಗೆ ಹೋಗಿಯೂ ಬಂದ. ಅತ್ತೆ ಚಹಾ ಕೊಟ್ಟರು. ಪುಷ್ಪಲತಾ ಬಾಗಿಲ ಮರೆಯಲ್ಲಿ ನಿಂತಿದ್ದಳು, ಬಳೆ ಸದ್ದು ಕೇಳುತ್ತಿತ್ತು. 'ತಪ್ಪಾತು' ಎಂಬ ಒಂದು ಮಾತು ಹೇಳಲೆಂದೇ ಅಷ್ಟು ದೂರ ಹೋದವನು, ಬೆಲ್ಟು ಕಳಚಿದ ಗಿರಣಿಯ ಹಾಗೆ ಬರಿದೇ ಬಾಯಿ ಆಡಿಸಿ, ಮೈದುನ ಕೊಟ್ರಸ್ವಾಮಿಯ ಜೊತೆ ಶೇಂಗಾ ಬೆಳೆಯ ವಿಚಾರ ಮಾತಾಡಿ ಎದ್ದುಬಂದ. ಬರುವಾಗ ತನ್ನನ್ನು ತಾನೇ ಶಪಿಸಿಕೊಂಡ.

ಅಷ್ಟರಲ್ಲಿ ಕೊಟ್ರಸ್ವಾಮಿಯ ಫೋನು ಬಂತು. "ಮಾವ, ಬೊಮ್ಮನಹಳ್ಳಿಯಾಗ ರೈತರ ಮೇಳ ಐತಂತ. ಮನ್ಯಾಗ ಬೆಳದದ್ದು, ಮನ್ಯಾಗ ಮಾಡಿದ್ದು ತಂದು ಇಡಬೇಕು. ರೊಟ್ಟಿಗೆ ತೀರ್ಪು ಕೊಡಾಕ ಅಕ್ಕನ್ನ ಕರದಾರ."

ಗವಿಸಿದ್ದೇಶ ಮೊದಲು ಗಿರಣಿ ನಿಲ್ಲಿಸಿದ. ಆಮೇಲೆ, "ಅಕ್ಕಗ ಹೇಳು. ನಾನೂ ರೊಟ್ಟಿ ಇಡ್ತೀನಿ. ನಾನ ಬೆಳದ ಜೋಳ, ನಾನ ಬಡದ ರೊಟ್ಟಿ" ಎಂದ.

ಬಾಯಲ್ಲಿ ಬಾರದ ಮಾತನ್ನು ಕೈಯಲ್ಲಿ ಹೇಳುವುದೆಂದು ಅವನು ತೀರ್ಮಾನಿಸಿದ್ದ. ಅವನ ರೊಟ್ಟಿ ಎಂಥದೆಂದು ಅವನಿಗೆ ಗೊತ್ತಿತ್ತು. ಅದನ್ನು ನಾಲ್ಕೂರ ಜನರ ನಡುವೆ ಇಟ್ಟರೆ, ರೊಟ್ಟಿಗೆ ಹಿಟ್ಟಷ್ಟೇ ಸಾಲದು, ಪುಷ್ಪಲತಾ ಬೇಕು ಎಂದು ಡಂಗುರ ಸಾರಿದ ಹಾಗೆಯೇ. ಅವಳಿಗೆ ಅದು ತಿಳಿಯುತ್ತದೆ. ಇನ್ನೊಬ್ಬರಿಗೆ ತಿಳಿಯುವ ಅಗತ್ಯವಿಲ್ಲ.

ಮೇಳದ ದಿನ ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಿದ. ಹೊಗೆಗೋ ಮತ್ತೊಂದಕ್ಕೋ ಕಣ್ಣಲ್ಲಿ ನೀರು ಬಂತು. ಮೋಸ ಮಾಡಲಿಲ್ಲ, ಇದ್ದಬದ್ದ ಜಾಣತನವನ್ನೆಲ್ಲ ಹಾಕಿಯೇ ತಟ್ಟಿದ. ಆದರೂ ಒಂದರ ಅಂಚು ಹರಿಯಿತು, ಒಂದರ ನಡುವೆ ಬೆರಳು ತೂರುವಷ್ಟು ತೂತು ಬಿತ್ತು, ಒಂದು ಹಂಚಿಗೇ ಅಂಟಿ ಅರ್ಧ ಕರಕಲಾಯಿತು. ಎಲ್ಲವನ್ನೂ ಬುಟ್ಟಿಯಲ್ಲಿ ಜೋಡಿಸಿ ನೋಡಿದ. ಇದಕ್ಕಿಂತ ಸ್ಪಷ್ಟವಾದ ತಪ್ಪೊಪ್ಪಿಗೆ ಇರಲು ಸಾಧ್ಯವಿರಲಿಲ್ಲ.

ತೊಂದರೆ ಶುರುವಾದದ್ದು ಓಣಿಯ ಹೆಂಗಸರ ಕಣ್ಣಿಗೆ ಆ ಬುಟ್ಟಿ ಬಿದ್ದ ಮೇಲೆ.

ಬಸ್ಸಿನಲ್ಲಿ ಒಂದು ಕಡೆ ಕೊಟ್ರಬಸಮ್ಮ, ತನ್ನ ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಓಣಿಯಲ್ಲಿ ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರಿರಲಿಲ್ಲ. ಆದರೆ ಮೇಳದಲ್ಲಿ ಪ್ರತಿ ವರ್ಷವೂ ಮೊದಲ ಬಹುಮಾನ ಹರಪನಹಳ್ಳಿಯ ಕಡೆಗೇ ಹೋಗುತ್ತಿತ್ತು, ಅವಳಿಗೆ ಎರಡನೆಯದೇ ಗತಿ. ಇನ್ನೊಂದು ಕಡೆ ಅದೇ ಓಣಿಯ ಕರಿಯಕ್ಕ, ತಾನು ಬೆಳೆದ ಕುಂಬಳಕಾಯಿಯನ್ನು ಹಸುಗೂಸಿನಂತೆ ತಬ್ಬಿಕೊಂಡಿದ್ದಳು.

"ಏನಲೋ ತಮ್ಮಾ ಇದು?" ಕರಿಯಕ್ಕ ಬುಟ್ಟಿಯ ಬಟ್ಟೆ ಸರಿಸಿದಳು. "ರೊಟ್ಟಿ ಅಂತೀಯ ಇದಕ್ಕ? ತಡಿ, ಕರಕಲರೆ ಕೆರದು ಕೊಡ್ತೀನಿ."

"ಬ್ಯಾಡಕ್ಕ. ಕರಕಲು ಇರ್ಲಿ."

"ಮ್ಯಾಲ ಒಂದೀಟು ತುಪ್ಪ ಸವರು. ಕಣ್ಣಿಗರೆ ಚಂದ ಕಾಣ್ತೈತಿ."

"ಚಂದ ಕಾಣಬಾರದಕ್ಕ."

ಕರಿಯಕ್ಕ ಅವನ ತಲೆಯ ಮೇಲಿಂದ ಕೊಟ್ರಬಸಮ್ಮನ ಮುಖ ನೋಡಿದಳು. ಹೆಂಡತಿ ಹೋದ ಚಿಂತೆ ತಲೆಗೆ ಏರಿದೆ ಎಂದು ಇಬ್ಬರೂ ಕಣ್ಣಲ್ಲೇ ಮಾತಾಡಿಕೊಂಡರು. ಮುಂದಿನ ದಾರಿಯುದ್ದಕ್ಕೂ ಗವಿಸಿದ್ದೇಶ ಎರಡೂ ಕೈಗಳಿಂದ ಬುಟ್ಟಿಯನ್ನು ಕಾಯ್ದುಕೊಂಡ. ರೊಟ್ಟಿ ಕೆಡದಂತೆ ಕಾಯುವವರನ್ನು ಕಂಡಿದ್ದೇವೆ. ಕೆಟ್ಟ ರೊಟ್ಟಿ ಸುಧಾರಿಸದಂತೆ ಕಾದವನು ಅವನೊಬ್ಬನೇ ಇರಬೇಕು.

ಮೇಳದ ಮೈದಾನದಲ್ಲಿ ಉದ್ದನೆಯ ಪೆಂಡಾಲು. ಒಂದು ಸಾಲಿನಲ್ಲಿ ಕುಂಬಳ, ಸೋರೆ, ಸಜ್ಜೆ ತೆನೆ. ಮತ್ತೊಂದರಲ್ಲಿ ಉಪ್ಪಿನಕಾಯಿ, ಸಂಡಿಗೆ, ಕೌದಿ. ಹೆಸರು ಬರೆದುಕೊಳ್ಳಲೂ ಮೈಕಿನಲ್ಲಿ ಕೂಗಲೂ ಒಬ್ಬನೇ, ಚಹಾದಂಗಡಿ ಮಂಜಣ್ಣ.

"ಹಿಂಡಿ, ಮೇವು ಎಲ್ಲಾ ಆ ಕಡಿ ಸಾಲಿನಾಗ ಇಡಬೇಕ್ರಿ, ಎತ್ತುಗಳ ಹಂತೇಲಿ" ಎಂದ ಅವನು, ಬುಟ್ಟಿಯೊಳಗೆ ಇಣುಕಿ.

"ಹಿಂಡಿ ಅಲ್ಲೋ ಮಂಜಣ್ಣ. ರೊಟ್ಟಿ."

ಮಂಜಣ್ಣ ಮತ್ತೊಮ್ಮೆ ಇಣುಕಿದ. "ನೀವು ಹೇಳಿದ್ರಿ ಅಂತ ಬರಕೋತೀನಿ" ಎಂದು ನಂಬರಿನ ಚೀಟಿ ಅಂಟಿಸಿದ ತಾಟು ಕೊಟ್ಟ. ತಾಟಿನ ಮೇಲೆ ನಂಬರು ಮಾತ್ರ, ಹೆಸರಿಲ್ಲ. ಪಕ್ಕದ ತಾಟು ಕೊಟ್ರಬಸಮ್ಮನದು. ಹುಣ್ಣಿಮೆ ಚಂದ್ರನ ಪಕ್ಕ ಬೆರಣಿ ಇಟ್ಟ ಹಾಗಿತ್ತು. ಗವಿಸಿದ್ದೇಶನಿಗೆ ಬಹಳ ಸಮಾಧಾನವಾಯಿತು. ಪುಷ್ಪಲತಾ ಇನ್ನೇನು ಬರುತ್ತಾಳೆ, ಹೊಗೆ ಮೆತ್ತಿದ ಮುಖ ತೊಳೆದು ತಲೆ ಬಾಚಿಕೊಳ್ಳೋಣವೆಂದು ನಲ್ಲಿಯ ಕಡೆಗೆ ಹೋದ.

ತಿರುಗಿ ಬರುವಷ್ಟರಲ್ಲಿ ಪೆಂಡಾಲಿಗೆ ಹಗ್ಗ ಕಟ್ಟಿದ್ದರು. ತೀರ್ಪುಗಾರರು ಒಳಗೆ, ಉಳಿದವರೆಲ್ಲ ಹೊರಗೆ. ಕೊಟ್ರಬಸಮ್ಮ ಅವನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಚಿಂತಿ ಬಿಡು ತಮ್ಮಾ. ನನ್ನ ರೊಟ್ಟಿ ನಿನ್ನ ತಾಟಿನಾಗ ಇಟ್ಟೀನಿ, ನಿನ್ನವು ನನ್ನ ತಾಟಿನಾಗ ಇಟ್ಟೀನಿ. ನನಗ ಹೆಂಗೂ ಎರಡನೇದ ಬರೋದು, ಹೋದ್ರ ಹೋಗ್ಲಿ. ಓಣಿ ಮರ್ಯಾದಿ ಉಳೀತು, ಪುಷ್ಪಾನ ಮುಂದ ನಿನ್ನ ಮರ್ಯಾದಿನೂ ಉಳೀತು."

"ಅಕ್ಕಾ, ಎಂಥ ಕೆಲಸ ಮಾಡಿದಿ" ಎಂದವನೇ ಗವಿಸಿದ್ದೇಶ ಹಗ್ಗದಡಿ ತೂರಿದ. ಅರ್ಧ ಮೈ ಒಳಗೆ ಹೋಗಿತ್ತು, ಮೈಕು ಮೊಳಗಿತು. "ಗಿರಣಿ ಗವಿಸಿದ್ದೇಶ್ ಅವರು ದಯವಿಟ್ಟು ಹಗ್ಗದ ಹೊರಗ ನಿಲ್ಲಬೇಕು. ರೊಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ." ಮೈದಾನವೆಲ್ಲ ನಕ್ಕಿತು. ಒಳಗಿದ್ದ ಪುಷ್ಪಲತಾಳೂ ತಿರುಗಿ ನೋಡಿದಳು. ಅವನು ಹಗ್ಗದಡಿಯಲ್ಲಿ ಮಂಡಿಯೂರಿಕೊಂಡೇ ಅವಳನ್ನು ನೋಡಿದ. ಸ್ವಲ್ಪ ಇಳಿದುಹೋಗಿದ್ದಳು. ಮದುವೆಯ ವರ್ಷ ಅವನು ತಂದುಕೊಟ್ಟ ಹಸಿರು ಸೀರೆ ಉಟ್ಟಿದ್ದಳು. ಎಷ್ಟು ದಿನವಾಗಿತ್ತು ಆ ಮುಖ ಕಂಡು. ತಾಟು, ನಂಬರು, ಮರ್ಯಾದೆ ಎಲ್ಲ ಆ ಕ್ಷಣಕ್ಕೆ ಮರೆತುಹೋಯಿತು.

ಅವಳ ಜೊತೆ ಒಬ್ಬ ಅಧಿಕಾರಿ, ಒಬ್ಬರು ನಿವೃತ್ತ ಮೇಷ್ಟರು. ರೊಟ್ಟಿ ತಿಂದು ತಿಂದು ಅವರಿಬ್ಬರಿಗೂ ಆಗಲೇ ಸಾಕಾಗಿತ್ತು. ಪುಷ್ಪಲತಾ ಮಾತ್ರ ಒಂದೊಂದು ತಾಟನ್ನೂ ನೋಡುತ್ತಾ ಏನನ್ನೋ ಹುಡುಕುವವಳ ಹಾಗೆ ಬಂದಳು. ಗವಿಸಿದ್ದೇಶನ ತಾಟನ್ನು ಮುಟ್ಟಿ, ಮುಂದೆ ಸರಿದಳು. ಕೊಟ್ರಬಸಮ್ಮನ ತಾಟಿನ ಮುಂದೆ ಗಕ್ಕನೆ ನಿಂತಳು. ತೂತು ಬಿದ್ದ ರೊಟ್ಟಿಯನ್ನು ಎತ್ತಿ ಹಿಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಮೇಲೆ ರೊಟ್ಟಿಯನ್ನು ಕಣ್ಣಿಗೆ ಒತ್ತಿಕೊಂಡು, ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹಗ್ಗದಾಚೆಯಿಂದ ಗವಿಸಿದ್ದೇಶ ಅದನ್ನೆಲ್ಲ ಕಂಡ. ಗುರುತು ಹಿಡಿದಳು. ಯಾವ ತಾಟಿನಲ್ಲಿದ್ದರೇನು, ಹೇಳಬೇಕಾದ ಮಾತು ಹೋಗಿ ಮುಟ್ಟಿತಲ್ಲ.

ಹತ್ತಿರವೇ ಕೊಟ್ರಸ್ವಾಮಿ ಬಟ್ಟೆಬರೆ ತುಂಬಿದ ಚೀಲ ಹಿಡಿದು ನಿಂತಿದ್ದ. "ಮಾವ, ಇದು ಅಕ್ಕನ ಚೀಲ. ಸಂಜಿಕೆ ಹಿರೇಹಡಗಲಿಗೆ ನೀ ಒಬ್ಬಾತನ ಹೋಗು ಅಂತ ನನಗ ಹೇಳ್ಯಾಳ" ಎಂದು ಕಣ್ಣು ಮಿಟುಕಿಸಿದ. ಗವಿಸಿದ್ದೇಶ ಆ ಚೀಲವನ್ನೇ ದೇವರ ಬುಟ್ಟಿಯಂತೆ ನೋಡಿದ.

ಒಳಗೆ ತೀರ್ಪುಗಾರರ ಚರ್ಚೆ ಜೋರಾಗಿಯೇ ನಡೆಯಿತು. ಪುಷ್ಪಲತಾ ಹಿಡಿದ ಹಟ ಬಿಡಲಿಲ್ಲ. ರೊಟ್ಟಿಯ ವಿಚಾರದಲ್ಲಿ ಅವಳ ಮಾತಿಗೆ ಎದುರಾಡಲು ಉಳಿದಿಬ್ಬರಿಗೆ ಧೈರ್ಯವೂ ಇರಲಿಲ್ಲ, ಹೊಟ್ಟೆಯಲ್ಲಿ ಜಾಗವೂ ಇರಲಿಲ್ಲ. ಕೊನೆಗೆ ಅಧಿಕಾರಿ ಮೈಕು ಹಿಡಿದರು. ಕೊಟ್ಟ ತೀರ್ಪಿಗೊಂದು ಕಾರಣ ಬೇಕಲ್ಲ. "ಈ ದಪ್ಪ ರೊಟ್ಟಿಯಲ್ಲಿ ನಾರಿನಂಶ ಹೆಚ್ಚು. ಕರಕಲು ಭಾಗ ಜೀರ್ಣಕ್ಕೆ ಒಳ್ಳೆಯದು. ನಡುವಿನ ರಂಧ್ರ ನಮ್ಮ ಹಿರಿಯರ ಪದ್ಧತಿ. ಮೊದಲ ಬಹುಮಾನ, ಒಂದು ಕುಕ್ಕರು. ಮುಂದಿನ ತಿಂಗಳು ಬಳ್ಳಾರಿಯ ದೊಡ್ಡ ಮೇಳಕ್ಕೂ ಇವರೇ ಹೋಗಬೇಕು" ಎಂದರು.

ಮಂಜಣ್ಣ ನಂಬರು ನೋಡಿ ಹೆಸರು ಓದಿದ. "ಕೊಟ್ಟೂರಿನ ಕೊಟ್ರಬಸಮ್ಮ."

ಕೊಟ್ರಬಸಮ್ಮ ಮೊದಲು ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು. ಚಪ್ಪಾಳೆ ಬಿತ್ತು. ಹರಪನಹಳ್ಳಿಯ ಹೆಂಗಸರು ಬಾಯಿ ತೆರೆದುಕೊಂಡು ನಿಂತರು. ಅದನ್ನು ಕಂಡದ್ದೇ ಕೊಟ್ರಬಸಮ್ಮನ ಬೆನ್ನು ನೆಟ್ಟಗಾಯಿತು. ನೇರ ಹೋಗಿ ಕುಕ್ಕರು ಈಸಿಕೊಂಡು ಎದೆಗೆ ಅವುಚಿಕೊಂಡಳು.

ಪುಷ್ಪಲತಾ ಧಡಧಡನೆ ಮೈಕಿನ ಹತ್ತಿರ ಹೋದಳು. ಮಂಜಣ್ಣನ ಕೈಯಿಂದ ಹೆಸರಿನ ಹಾಳೆ ಕಸಿದು ಓದಿದಳು. ಗಂಡನ ನಂಬರಿನ ತಾಟು ಹುಡುಕಿ, ಅದರಲ್ಲಿದ್ದ ಚಂದ್ರನಂಥ ರೊಟ್ಟಿಗಳನ್ನು ನೋಡಿದಳು. ಸೀದಾ ಹೊರಗೆ ಬಂದು, ತಮ್ಮನ ಕೈಯಿಂದ ಚೀಲ ತೆಗೆದುಕೊಂಡು ರಸ್ತೆಯ ಕಡೆಗೆ ಹೊರಟಳು.

ಗವಿಸಿದ್ದೇಶ ಬಸ್ಸಿನ ಹತ್ತಿರ ಅವಳನ್ನು ಹಿಡಿದ. ಅವಳು ಹೋಗಿಬಿಡುತ್ತಾಳೆಂಬ ಭಯಕ್ಕೆ ಬಾಯಿ ತಾನೇ ತೆರೆಯಿತು. "ಪುಷ್ಪಾ, ತಪ್ಪಾತು ನನ್ನದು. ಆ ಸುಟ್ಟ ರೊಟ್ಟಿ ನಾನ ಬಡದದ್ದು. ನೀನಿಲ್ಲದ ಮನಿ ಮನಿ ಅನಸವಲ್ದು. ಕೊಟ್ರಬಸಕ್ಕ ತಾಟು ಬದಲಿ ಮಾಡ್ಯಾಳ, ಬೇಕಾದ್ರ ಕೇಳು."

ಪುಷ್ಪಲತಾಳ ಕಾಲು ಬಸ್ಸಿನ ಮೆಟ್ಟಿಲ ಮೇಲೇ ನಿಂತಿತು. ಕೊಟ್ರಬಸಮ್ಮ ಕುಕ್ಕರಿನೊಂದಿಗೆ, ಹಿಂದೆ ಮುಂದೆ ಹತ್ತಾರು ಹೆಂಗಸರೊಂದಿಗೆ ಅಲ್ಲಿಗೇ ಬರುತ್ತಿದ್ದಳು.

"ಅಕ್ಕಾ," ಪುಷ್ಪಲತಾ ಮೆಲ್ಲಗೆ ಕೇಳಿದಳು, "ಖರೇ ಹೇಳು. ಆ ರೊಟ್ಟಿ ಯಾರ್ವು?"

ಕೊಟ್ರಬಸಮ್ಮ ಗವಿಸಿದ್ದೇಶನನ್ನು ನೋಡಿದಳು. ಸುತ್ತ ನಿಂತ ಹೆಂಗಸರನ್ನು ನೋಡಿದಳು. ಅವರಲ್ಲಿ ಹರಪನಹಳ್ಳಿಯವರೂ ಇದ್ದರು. ಜನ್ಮಕ್ಕೊಮ್ಮೆ ಬಂದ ಕುಕ್ಕರನ್ನು ನೋಡಿದಳು.

"ನನ್ನವ ಅವು" ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ನಿನ್ನ ಗಂಡಗ ಚಲೋವು ಬಡದು ಕೊಡೋದ್ರಾಗ ಹೊತ್ತಾಗಿಬಿಡ್ತು ನೋಡವ್ವ. ನನ್ನವು ಅವಸರದಾಗ ಒಂದೀಟು ಕಂದಿದ್ವು."

ಪುಷ್ಪಲತಾ ಗಂಡನ ಕಡೆಗೆ ತಿರುಗಿದಳು. "ನಿಮ್ಮ ಕೈ ಅಂತ ತಿಳಕೊಂಡು ಕಣ್ಣಿಗೆ ಒತ್ತಿಕೊಂಡೆ ಅವನ್ನ" ಎಂದಳು. ಧ್ವನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ಬಸ್ಸು ಹತ್ತಿ ಆಚೆ ಬದಿಯ ಕಿಟಕಿಯ ಹತ್ತಿರ ಕೂತುಬಿಟ್ಟಳು. ಕೊಟ್ರಸ್ವಾಮಿ ಏನೂ ತೋಚದೆ ಮಾವನ ಹೆಗಲು ತಟ್ಟಿ ಹಿಂದೆಯೇ ಹತ್ತಿದ.

ಬಸ್ಸು ಹೋಯಿತು. ಹೆಂಗಸರು ಚದುರಿದರು. ಗವಿಸಿದ್ದೇಶ ನಿಂತಲ್ಲೇ ನಿಂತಿದ್ದ. ಅವಳು ಕ್ಷಮಿಸಿದ್ದಂತೂ ನಿಜ, ಕಣ್ಣಾರೆ ಕಂಡಿದ್ದ. ಆ ಕ್ಷಮೆ ಕೊಟ್ರಬಸಮ್ಮನ ಹೆಸರಿಗೆ ಬಂದಿತ್ತು, ಅಷ್ಟೆ.

ಕೊಟ್ರಬಸಮ್ಮ ಕುಕ್ಕರನ್ನು ಸೆರಗಿನಲ್ಲಿ ಮರೆಮಾಡಿಕೊಂಡು, ತಲೆ ತಗ್ಗಿಸಿ ಪಕ್ಕಕ್ಕೆ ಬಂದಳು. "ಸಿಟ್ಟಾಗಬ್ಯಾಡ ತಮ್ಮಾ. ಆ ಹರಪನಹಳ್ಳಿಯವರ ಮುಂದ ಬಾಯಿ ಬರಲಿಲ್ಲ ನನಗ." ಕುಕ್ಕರನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. "ಬಳ್ಳಾರಿ ಮೇಳಕ್ಕ ಅಂಥವ ರೊಟ್ಟಿ ಒಯ್ಯಬೇಕಂತ. ನಾ ಎಷ್ಟ ಕೆಡಿಸಿ ಬಡದ್ರೂ ಹಂಗ ಬರಂಗಿಲ್ಲ. ನೀನ ಬಡದು ಕೊಡಬೇಕಾಗ್ತೈತಿ."

ಗವಿಸಿದ್ದೇಶ ಬಸ್ಸು ಹೋದ ದಾರಿಯಿಂದ ಕಣ್ಣು ತೆಗೆಯಲಿಲ್ಲ.

"ಬಳ್ಳಾರಿಯಾಗ ತೀರ್ಪು ಕೊಡಾಕ ಯಾರನ್ನ ಕರದಾರಂತಕ್ಕ?" ಎಂದು ಕೇಳಿದ.