ಉದ್ಭವವಾದ ರಗ್ಬಿ ಕ್ಲಬ್ಬು

ಒಮ್ಮೆ ಸ್ಮರಣ ಸಂಚಿಕೆಯ ಸಂಪಾದಕನಾದವನಿಗೆ ಈ ಜನ್ಮದಲ್ಲಿ ಬಿಡುಗಡೆಯಿಲ್ಲ. ಕಡಲಾಚೆಯ ಈ ದೇಶದಲ್ಲಿ ನಾನು ನಮ್ಮ ಕನ್ನಡ ಕೂಟದ ದೀಪಾವಳಿ ಸಂಚಿಕೆಯನ್ನು ತಂದದ್ದು ಒಂದೇ ಒಂದು ಸಲ. ತಮ್ಮ ಫೋಟೋ ಮಾಜಿ ಅಧ್ಯಕ್ಷರ ಫೋಟೋಗಿಂತ ಚಿಕ್ಕದಾಯಿತೆಂದು ಹಾಲಿ ಅಧ್ಯಕ್ಷರು ಬೈದರು. ದೊಡ್ಡದಾದರೇನು, ಕಣ್ಣು ಮುಚ್ಚಿಕೊಂಡಿದೆಯಲ್ಲ ಎಂದು ಮಾಜಿ ಅಧ್ಯಕ್ಷರೂ ಬೈದರು. ಆವತ್ತೇ ಲೇಖನಿ ಕೆಳಗಿಟ್ಟು ಕೈ ತೊಳೆದುಕೊಂಡೆ. ಅದನ್ನು ನನ್ನ ಹೆಂಡತಿ ವಸುಧಾ ಹೆಕ್ಕಿಕೊಂಡು ಹೋಗಿ ಐರಿಷ್ ಜನರ ಕೈಗೆ ಕೊಡುತ್ತಾಳೆಂದು ಯಾರು ತಾನೇ ಎಣಿಸಿದ್ದರು?

ವಸುಧಾ ದಂತವೈದ್ಯೆ, ಸ್ಯಾನ್ ಮಟಿಯೋದಲ್ಲಿ ಕ್ಲಿನಿಕ್ಕು. ಅಲ್ಲೇ ಹತ್ತಿರದ ಮೈದಾನದಲ್ಲಿ ಪ್ರತಿ ಶನಿವಾರ ಒಂದು ಹವ್ಯಾಸಿ ಕ್ಲಬ್ಬಿನವರು ರಗ್ಬಿ ಲೀಗ್ ಆಡುತ್ತಾರೆ. ಇದು ಹದಿನೈದು ಜನರ ರಗ್ಬಿಯ ತಮ್ಮ. ಇದಕ್ಕೆ ಹದಿಮೂರೇ ಜನ ಸಾಕು. ಮುಂದಕ್ಕೆ ಓಡಬೇಕು, ಚೆಂಡನ್ನು ಮಾತ್ರ ಹಿಂದಕ್ಕೇ ಎಸೆಯಬೇಕು, ಅಷ್ಟರಲ್ಲಿ ಎದುರಿನವರು ಬಂದು ಕೆಡವಬೇಕು. ಶನಿವಾರ ಹೀಗೆ ಬಿದ್ದವರು ಸೋಮವಾರ ವಸುಧಾಳ ಕುರ್ಚಿಯಲ್ಲಿ ಬಾಯಿ ತೆರೆದು ಕೂರುತ್ತಾರೆ. ಹಾಗೆ ಕೂತ ಕಾರ್ಯದರ್ಶಿ, ವಾರ್ಷಿಕ ಭೋಜನಕೂಟಕ್ಕೆ ಕ್ಲಬ್ಬಿನ ಚರಿತ್ರೆ ಬರೆಯುವವರು ಸಿಗುತ್ತಿಲ್ಲವೆಂದು ಗೋಳಾಡಿದನಂತೆ. ‘ನಮ್ಮ ಮನೇಲೇ ಒಬ್ಬರು ಎಡಿಟರ್ ಇದಾರೆ’ ಅಂದಳಂತೆ ಇವಳು!

“ಲೇ, ಆ ಬಾಲನ್ನ ಯಾವ ಕಡೆಯಿಂದ ಹಿಡೀಬೇಕು ಅಂತಾನೂ ನಂಗೊತ್ತಿಲ್ಲ ಕಣೇ!”

“ನಿಮ್ಮನ್ನೇನು ಆಡೋಕೆ ಕರೆದ್ರಾ ರೀ? ಒಂದೇ ಪೇಜು. ವೀಕೆಂಡಲ್ಲಿ ಕೂತ್ರೆ ಮುಗೀತು.”

ಮುಗಿಯುವುದೆಲ್ಲಿ ಬಂತು, ಮೊದಲ ವಾಕ್ಯವೇ ಶುರುವಾಗಲಿಲ್ಲ. ಕ್ಲಬ್ಬನ್ನು ಯಾರು ಕಟ್ಟಿದರು? ಐರ್ಲೆಂಡಿನ ಒಂದೇ ಊರಿನಿಂದ ಬಂದು, ಇಲ್ಲೇ ಹತ್ತಿರದ ಲಾಸ್ ಆಲ್ಟೋಸಿನ ಮನೆಗಳಿಗೆ ಮಾಡು ಹೊದಿಸಿದ ಇಬ್ಬರು ಬಡಗಿಗಳಂತೆ. ಇಬ್ಬರಿಗೂ ಈಗ ಎಂಬತ್ತು ದಾಟಿದೆ. ಮೊದಲು ಮಾರ್ಟಿನ್ ಅವರನ್ನು ಕಂಡೆ. “ಹದಿನೈದು ಜನ ಎಲ್ಲೂ ಸಿಗ್ತಿರಲಿಲ್ಲ. ಹದಿಮೂರು ಜನರ ಆಟಾನೇ ಆಡೋಣ ಅಂದವನು ನಾನು. ಕ್ಲಬ್ಬು ಹುಟ್ಟಿದ್ದೇ ಆವಾಗ,” ಎಂದರು. ಆಮೇಲೆ ಡೆಕ್ಲನ್ ಅವರನ್ನು ಕಂಡೆ. “ಮಾರ್ಟಿನ್ ಬರೀ ಅಂದ. ಆ ಹದಿಮೂರು ಜನರನ್ನ ಬಾಗಿಲು ತಟ್ಟಿ ಎಳ್ಕೊಂಡು ಬಂದವನು ನಾನು,” ಎಂದರು. ಇಷ್ಟಕ್ಕೇ ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿವೆ. ಒಬ್ಬರು ಬಂದ ಭೋಜನಕೂಟಕ್ಕೆ ಇನ್ನೊಬ್ಬರು ಬರುವುದಿಲ್ಲ. ಈ ಸಲವಾದರೂ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಬೇಕು, ಮುಂದಿನ ವರ್ಷ ಯಾರಿರುತ್ತಾರೋ ಯಾರಿಗೆ ಗೊತ್ತು ಎಂದು ಕಾರ್ಯದರ್ಶಿಯ ಸಂಕಟ. ಸ್ಥಾಪಕನೆಂದು ಇನ್ನೊಬ್ಬನ ಹೆಸರು ಕಂಡರೆ ತಾನು ಬರುವುದಿಲ್ಲವೆಂದು ಇಬ್ಬರೂ ನನಗೆ ಬೇರೆ ಬೇರೆಯಾಗಿ ಎಚ್ಚರಿಕೆ ಕೊಟ್ಟರು. ನಮ್ಮ ಕೂಟದ ಕಾರ್ಯಕಾರಿ ಸಮಿತಿಯೇ ಐರಿಷ್ ವೇಷ ಹಾಕಿಕೊಂಡು ಬಂದು ಕೂತ ಹಾಗಿತ್ತು. ಇದೇನು ಗ್ರಹಚಾರ ಸ್ವಾಮಿ, ಇವರಿಂದ ತಪ್ಪಿಸಿಕೊಳ್ಳಲು ನಾನಿನ್ನು ಯಾವ ದೇಶಕ್ಕೆ ಹೋಗಲಿ?

ಕೊನೆಗೆ ಹೊಳೆಯಿತು. ನಮ್ಮ ಕಡೆ ದೇವರನ್ನು ಯಾರು ಪ್ರತಿಷ್ಠಾಪಿಸಿದರೆಂದು ತಕರಾರು ಬಂದರೆ ಉದ್ಭವಮೂರ್ತಿ ಎಂದುಬಿಡುತ್ತಾರೆ. ದೇವರಿಗೂ ಗೌರವ, ಊರಿಗೂ ನೆಮ್ಮದಿ. ನಾನೂ ಹಾಗೇ ಬರೆದೆ: ಈ ಕ್ಲಬ್ಬನ್ನು ಯಾರೂ ಸ್ಥಾಪಿಸಲಿಲ್ಲ, ಐರ್ಲೆಂಡಿನ ಬಡಗಿಗಳ ನಡುವೆ, ಸ್ಯಾನ್ ಮಟಿಯೋದ ಹುಲ್ಲಿನಿಂದ, ಅದು ತಾನಾಗಿಯೇ ಮೇಲೆದ್ದು ಬಂತು. ಬರೆದು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಇಬ್ಬರಿಗೂ ಕಳಿಸಿದೆ.

ಭಾನುವಾರ ಬೆಳಿಗ್ಗೆ ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನ ಬೆಲ್ಲಾಯಿತು. ಬಾಗಿಲು ತೆರೆದರೆ ಇಬ್ಬರೂ ನಿಂತಿದ್ದಾರೆ! ಮಾರ್ಟಿನ್ ಕಣ್ಣು ಮಂಜಾಗಿ ಡ್ರೈವಿಂಗ್ ಬಿಟ್ಟಿದ್ದಾರೆ. ಅವರನ್ನು ಕಾರಿನಲ್ಲಿ ಕರೆತಂದದ್ದು ಡೆಕ್ಲನ್.

“ತಾನಾಗಿ ಎದ್ದು ಬಂತಾ?” ಮಾರ್ಟಿನ್ ಗುಡುಗಿದರು. “ನಾನು ಹೇಳದೆ?”

“ನಾನು ಬಾಗಿಲು ತಟ್ಟದೆ?” ಎಂದರು ಡೆಕ್ಲನ್.

“ಇವನು ಎಷ್ಟು ಬಾಗಿಲು ತಟ್ಟಿದಾನೆ ಗೊತ್ತೇನಯ್ಯಾ ನಿಂಗೆ? ಮಳೇಲಿ, ದಿನವಿಡೀ ಸುತ್ತಿಗೆ ಹೊಡೆದ ಕೈಯಲ್ಲಿ!” ಎಂದು ಮಾರ್ಟಿನ್ ನನ್ನ ಮೇಲೆ ಎಗರಿದರು. ಎಗರಿದವರು ಥಟ್ಟನೆ ಒಳಗೆ ಬಂದು ಸೋಫಾದಲ್ಲಿ ಕೂತುಬಿಟ್ಟರು. ತಾವು ಏನಂದೆವೆಂದು ಅವರಿಗೇ ಆಗ ಕೇಳಿಸಿತೇನೋ. ವಸುಧಾ ತಂದಿಟ್ಟ ಕೊಡುಬಳೆಯನ್ನು ಡೆಕ್ಲನ್ ಕಾಫಿಯಲ್ಲಿ ಅದ್ದುತ್ತಾ ಕೂತರು. ಹಲ್ಲು ಹೊಸದು, ಹುಷಾರು ಎಂದು ಅವಳೇ ಹಾಗೆ ತಿನ್ನಲು ಹೇಳಿದ್ದಳು. ಒಂದು ತುಂಡು ನುಂಗಿ ಡೆಕ್ಲನ್ ಮೆಲ್ಲಗೆ, “ಆಟದ ಮಾತು ಮೊದಲು ಎತ್ತಿದ್ದು ಇವನೇ. ಅದಂತೂ ನಿಜ,” ಎಂದರು.

ಅಷ್ಟರಲ್ಲಿ ಇಬ್ಬರೂ ತಲೆಗೆ ತಲೆ ಕೊಟ್ಟು ನನ್ನ ಪುಟದ ಮೇಲೆ ಗೀಟು ಎಳೆಯತೊಡಗಿದ್ದರು. ಇನ್ನೊಂದು ಲೋಟ ಕಾಫಿ ಕುಡಿದು ಏಳುವ ಹೊತ್ತಿಗೆ ನನ್ನ ಒಂದು ವಾಕ್ಯವೂ ಉಳಿದಿರಲಿಲ್ಲ.

ಭೋಜನಕೂಟದ ದಿನ ಅಚ್ಚಾದ ಪುಟ ವಸುಧಾಳ ಕೈಯಲ್ಲಿ ಮನೆಗೆ ಬಂತು. ಒಂದೇ ಸಾಲಿನಲ್ಲಿ ಇಬ್ಬರು ಸ್ಥಾಪಕರು. ಅಡಿಯಲ್ಲಿ, ‘ನಮ್ಮ ಹಲ್ಲುಗಳನ್ನು ಉಳಿಸಿದ ಡಾಕ್ಟರ್ ವಸುಧಾ ಅವರಿಗೆ’ ಕೃತಜ್ಞತೆ. ತಿರುಗಿಸಿ ಮುರುಗಿಸಿ ನೋಡಿದೆ. ನನ್ನ ಹೆಸರು ಎಲ್ಲೂ ಇಲ್ಲ! ಪಿತ್ತ ನೆತ್ತಿಗೇರಿತು.

“ನಾನು ಊಟಕ್ಕೆ ಬರಲ್ಲ. ನೀನು ಹೋಗು.”

“ಅಯ್ಯೋ ರಾಮ! ಒಂದು ಹೆಸರಿಗೋಸ್ಕರ ವಯಸ್ಸಾದೋರು ಹೀಗಾಡ್ತಾರಲ್ಲ ಅಂತ ನೀವೇ ನಗ್ತಿದ್ರಲ್ರೀ?”

“ಅದು ಬೇರೆ ವಿಷಯ.”

“ಏನು ಬೇರೆ?”

ನಾನು ಹೋಗಿ ಸೋಫಾದ ನಡುವೆ ಕೂತುಬಿಟ್ಟೆ. ಅವಳು ಒಳಗೆ ಹೋಗಿ ಯಾರಿಗೋ ಫೋನು ಮಾಡಿದಳು. ನೋಡನೋಡುತ್ತಿದ್ದಂತೆ ಬೆಲ್ಲಾಯಿತು. ಇಬ್ಬರು ಮುದುಕರೂ ಕೋಟು ತೊಟ್ಟು ಬಂದು ನನ್ನ ಸೋಫಾದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತರು.

“ನಮ್ಮದೂ ಹೀಗೇ ಶುರುವಾಗಿದ್ದು,” ಎಂದರು ಡೆಕ್ಲನ್. “ಅಷ್ಟು ವರ್ಷ ಊಟ ತಪ್ಪಿಸ್ಕೊಂಡ್ವಿ. ನೀನು ಎದ್ದೇಳು.”

“ವೇದಿಕೆ ಮೇಲೆ ನಾನೇ ನಿನ್ನ ಹೆಸರು ಹೇಳ್ತೀನಿ, ಸರೀನಾ?” ಎಂದರು ಮಾರ್ಟಿನ್.

ಇನ್ನೂ ಹಟ ಹಿಡಿದರೆ ಚೆನ್ನಾಗಿರುವುದಿಲ್ಲ. ಎದ್ದೆ. ಷೂ ಹಾಕಿಕೊಂಡೆ. ಲೇಸು ಕಟ್ಟುತ್ತಾ, ತಲೆಯೆತ್ತದೆ, ಸುಮ್ಮನೆ ಕೇಳಿದೆ:

“ವಸುಧಾಳ ಹೆಸರಿಗಿಂತ ಮೊದಲೋ, ಆಮೇಲೋ?”